ಹಿತ್ತಲ ಕೋಳಿಗಳನ್ನು ಮುಂಗುಸಿ, ಕಾಡುಬೆಕ್ಕು ಮುಂತಾದ ಪ್ರಾಣಿಗಳಿಂದ ರಕ್ಷಿಸುವ ಕ್ರಮಗಳು

(ಹಿತ್ತಲ ಕೋಳಿ ಸಾಕಣೆದಾರರು ಹಾಗೂ ಕೋಳಿ ಮರಿಗಳಿಗಾಗಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಪೀಠಿಕೆ

ಹಿತ್ತಲ ಕೋಳಿ ಸಾಕಣೆಯು ಗ್ರಾಮೀಣ ಕುಟುಂಬಗಳಿಗೆ, ಅದರಲ್ಲಿಯೂ ಸಣ್ಣ ಹಿಡುವಳಿದಾರರು, ಕೃಷಿ ಕಾರ್ಮಿಕರು ಹಾಗೂ ಮಹಿಳೆಯರಿಗೆ, ಕಡಿಮೆ ಬಂಡವಾಳದಲ್ಲಿ ಆದಾಯ ಮತ್ತು ಪೌಷ್ಟಿಕ ಆಹಾರವನ್ನು ಒದಗಿಸುವ ಉಪಕಸುಬಾಗಿದೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಪಕ್ಷಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನಲ್ಲಿ ಸಾಕಿದವುಗಳಾಗಿದ್ದವು.

ಮರಿಯೊಂದು ಬೆಳೆದು ಮೊದಲ ಮೊಟ್ಟೆ ಇಡಲು ಐದರಿಂದ ಆರು ತಿಂಗಳು ಬೇಕಾಗುತ್ತದೆ. ಇಷ್ಟು ಕಾಲ ಸಾಕಿದ ಹತ್ತು ಹನ್ನೆರಡು ಕೋಳಿಗಳನ್ನು ಒಂದು ಮುಂಗುಸಿ ಅಥವಾ ಎರಡು ಬೀದಿನಾಯಿಗಳು ಒಂದೇ ದಾಳಿಯಲ್ಲಿ ಕೊಲ್ಲಬಲ್ಲವು. ಆಗ ಕುಟುಂಬವು ಕೋಳಿಗಳ ಬೆಲೆಯನ್ನು ಮಾತ್ರವಲ್ಲದೆ ಅರ್ಧ ವರ್ಷದ ಶ್ರಮವನ್ನೂ ಕಳೆದುಕೊಳ್ಳುತ್ತದೆ. ಇಂತಹ ನಷ್ಟವನ್ನು ಬಹುಪಾಲು ತಪ್ಪಿಸಬಹುದಾಗಿದೆ. ದಾಳಿ ಮಾಡುವ ಪ್ರಾಣಿಯನ್ನು ಕೊಲ್ಲುವುದರಿಂದ ನಷ್ಟ ನಿಲ್ಲುವುದಿಲ್ಲ. ಗೂಡನ್ನು ಭದ್ರಪಡಿಸಿ, ಕತ್ತಲಾಗುವ ಮೊದಲೇ ಬಾಗಿಲು ಹಾಕುವುದರಿಂದ ನಿಲ್ಲುತ್ತದೆ. ಈ ಬಗ್ಗೆ ಸಾಕಣೆದಾರರು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಕೋಳಿಗಳ ಮೇಲೆ ದಾಳಿ ಮಾಡುವ ಪ್ರಾಣಿಗಳು

ಯಾವ ಪ್ರಾಣಿ ಯಾವ ವೇಳೆಯಲ್ಲಿ ಬರುತ್ತದೆ ಎಂಬುದನ್ನು ತಿಳಿದಿದ್ದರೆ ರಕ್ಷಣೆ ಸುಲಭವಾಗುತ್ತದೆ.

• ಮುಂಗುಸಿ: ಹಗಲಿನಲ್ಲಿ ಸಂಚರಿಸುತ್ತದೆ. ಬೇಲಿ, ಕಲ್ಲಿನ ರಾಶಿ, ಹುತ್ತ, ಪೊದೆಗಳಲ್ಲಿ ವಾಸಿಸುತ್ತದೆ. ನೆಲವನ್ನು ಕೆರೆದು ಬಿಲ ತೋಡುವುದರಲ್ಲಿ ಮತ್ತು ಕಿರಿದಾದ ಸಂದಿಯಲ್ಲಿ ನುಸುಳುವುದರಲ್ಲಿ ನಿಪುಣ ಪ್ರಾಣಿ. ಮೊಟ್ಟೆ, ಮರಿ, ದೊಡ್ಡ ಕೋಳಿ ಎಲ್ಲವನ್ನೂ ಹಿಡಿಯುತ್ತದೆ.
• ಕಾಡುಬೆಕ್ಕು: ಮುಖ್ಯವಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಬರುತ್ತದೆ. ಕಬ್ಬಿನ ಗದ್ದೆ, ಕೆರೆಯಂಚಿನ ಜೊಂಡು, ಕುರುಚಲು ಪೊದೆಗಳು ಇದರ ನೆಲೆ.
• ಪುನುಗು ಬೆಕ್ಕು ಮತ್ತು ಮರದ ಮೇಲೆ ವಾಸಿಸುವ ಅದರ ಜಾತಿಯ ಬೆಕ್ಕುಗಳು: ರಾತ್ರಿ ಮಾತ್ರ ಸಂಚರಿಸುತ್ತವೆ. ಮರ, ಗೋಡೆ, ಹೆಂಚಿನ ಮಾಡನ್ನು ಹತ್ತಿ ಮೇಲಿನಿಂದ ಗೂಡಿಗೆ ಇಳಿಯುತ್ತವೆ.
• ನರಿ: ಸಂಜೆಯ ನಂತರ ಮತ್ತು ರಾತ್ರಿ ಹೊಲಗಳ ಕಡೆಯಿಂದ ಊರಿನ ಅಂಚಿಗೆ ಬರುತ್ತದೆ.
• ಬೀದಿನಾಯಿಗಳು: ಯಾವುದೇ ವೇಳೆಯಲ್ಲಿ ಬರಬಹುದು. ತಿನ್ನುವ ಉದ್ದೇಶವಿಲ್ಲದಿದ್ದರೂ ಅಟ್ಟಾಡಿಸಿ ಕೊಲ್ಲುತ್ತವೆ.
• ಹಾವುಗಳು: ಕೇರೆ ಹಾವು, ನಾಗರಹಾವುಗಳು ಮೊಟ್ಟೆ ಮತ್ತು ಮರಿಗಳನ್ನು ನುಂಗುತ್ತವೆ. ಇವು ಬಹುತೇಕ ಇಲಿಗಳನ್ನು ಅರಸಿ ಗೂಡಿನ ಬಳಿಗೆ ಬರುತ್ತವೆ.
• ಇಲಿ ಮತ್ತು ಹೆಗ್ಗಣ: ರಾತ್ರಿ ಮರಿಗಳನ್ನು ಕಚ್ಚಿ ಬಿಲಕ್ಕೆ ಎಳೆದೊಯ್ಯುತ್ತವೆ, ಮೊಟ್ಟೆಗಳನ್ನು ಹಾಳುಮಾಡುತ್ತವೆ.
• ಹದ್ದು, ಗಿಡುಗ, ಕಾಗೆ: ಹಗಲಿನಲ್ಲಿ ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ.

ಕೋಳಿಗಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ರಾತ್ರಿ ಕುಳಿತ ಕೋಳಿಯು ಅಪಾಯ ಬಂದರೂ ಕುಳಿತಲ್ಲಿಯೇ ಇರುತ್ತದೆ. ಹಗಲಿನಲ್ಲಿ ಹಾರಿ ಪಾರಾಗಬಲ್ಲ ಕೋಳಿಯೂ ರಾತ್ರಿ ಅಸಹಾಯಕವಾಗುವುದು ಈ ಕಾರಣದಿಂದ. ಗೂಡಿನೊಳಗೆ ಒಮ್ಮೆ ಪ್ರಾಣಿ ನುಗ್ಗಿದರೆ ಕೋಳಿಗಳಿಗೆ ಓಡಿಹೋಗಲು ದಾರಿಯಿರುವುದಿಲ್ಲ. ಅವು ರೆಕ್ಕೆ ಬಡಿದು ಗಾಬರಿಗೊಂಡಂತೆಲ್ಲ ಪ್ರಾಣಿಯು ಮತ್ತೆ ಮತ್ತೆ ಎರಗುತ್ತದೆ. ಒಂದನ್ನು ತಿನ್ನಲು ಬಂದ ಪ್ರಾಣಿ ಹತ್ತನ್ನು ಕೊಂದು ಹೋಗುವುದು ಹೀಗೆಯೇ. ಆದ್ದರಿಂದ ಭದ್ರವಲ್ಲದ ಗೂಡು ಗೂಡಿಲ್ಲದಿರುವುದಕ್ಕಿಂತಲೂ ಅಪಾಯಕಾರಿಯಾಗಬಹುದು.

2. ದಾಳಿ ಮಾಡಿದ ಪ್ರಾಣಿಯನ್ನು ಗುರುತಿಸುವ ವಿಧಾನ

ದಾಳಿಯ ನಂತರ ಸ್ಥಳವನ್ನು ಸ್ವಚ್ಛಗೊಳಿಸುವ ಮೊದಲು ಗುರುತುಗಳನ್ನು ಪರಿಶೀಲಿಸುವುದು. ಸಾಮಾನ್ಯವಾಗಿ ಕಂಡುಬರುವ ಗುರುತುಗಳು ಹೀಗಿವೆ:

• ಕೋಳಿ ಸಂಪೂರ್ಣ ಕಾಣೆಯಾಗಿ, ಪುಕ್ಕಗಳು ಪೊದೆ ಅಥವಾ ಹೊಲದ ಕಡೆಗೆ ಸಾಲಾಗಿ ಬಿದ್ದಿದ್ದರೆ: ಕಾಡುಬೆಕ್ಕು ಅಥವಾ ನರಿ.
• ಹಲವು ಕೋಳಿಗಳು ಸತ್ತು, ತಿನ್ನದೆ ಅಲ್ಲಲ್ಲಿ ಚೆಲ್ಲಿದ್ದರೆ: ನಾಯಿಗಳು.
• ಮುಚ್ಚಿದ ಗೂಡಿನೊಳಗೆ ಹಲವು ಕೋಳಿಗಳ ಕತ್ತು ಅಥವಾ ತಲೆಗೆ ಕಚ್ಚಿದ ಗಾಯವಿದ್ದರೆ: ಮುಂಗುಸಿ ಅಥವಾ ಪುನುಗು ಬೆಕ್ಕು.
• ಮೊಟ್ಟೆಗಳು ಸಿಪ್ಪೆಯೂ ಉಳಿಯದಂತೆ ಮಾಯವಾಗಿದ್ದರೆ: ಹಾವು. ಒಡೆದ ಸಿಪ್ಪೆ ಅಲ್ಲಿಯೇ ಬಿದ್ದಿದ್ದರೆ: ಮುಂಗುಸಿ ಅಥವಾ ಕಾಗೆ. ಕೆಲವೊಮ್ಮೆ ಕೋಳಿಗಳೇ ಮೊಟ್ಟೆ ಒಡೆದು ತಿನ್ನುವುದುಂಟು.
• ಹಗಲಿನಲ್ಲಿ ಒಂದೊಂದೇ ಮರಿ ಸುಳಿವಿಲ್ಲದೆ ಕಾಣೆಯಾಗುತ್ತಿದ್ದರೆ: ಹದ್ದು, ಗಿಡುಗ ಅಥವಾ ಕಾಗೆ.
• ರಾತ್ರಿ ಮರಿಗಳು ಕಾಣೆಯಾಗಿ, ಗೂಡಿನ ಬಳಿ ಹೊಸ ಬಿಲ ಕಂಡುಬಂದರೆ: ಇಲಿ ಅಥವಾ ಹೆಗ್ಗಣ.

ಸಂದೇಹವಿದ್ದಲ್ಲಿ ಸಂಜೆ ಗೂಡಿನ ಸುತ್ತ ಎರಡು ಅಡಿ ಅಗಲಕ್ಕೆ ಒಲೆಯ ಬೂದಿ ಅಥವಾ ಜರಡಿ ಹಿಡಿದ ಮಣ್ಣನ್ನು ತೆಳುವಾಗಿ ಹರಡಿ, ಮರುದಿನ ಬೆಳಿಗ್ಗೆ ಹೆಜ್ಜೆಗುರುತು ನೋಡಬಹುದು. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳಿದ್ದು ಉಗುರಿನ ಗುರುತು ಮೂಡುವುದಿಲ್ಲ. ನಾಯಿ ಮತ್ತು ನರಿಯ ಹೆಜ್ಜೆಯಲ್ಲಿ ನಾಲ್ಕು ಬೆರಳುಗಳೊಡನೆ ಉಗುರಿನ ಗುರುತೂ ಇರುತ್ತದೆ. ಮುಂಗುಸಿಯ ಹೆಜ್ಜೆ ಚಿಕ್ಕದಾಗಿದ್ದು ಐದು ಬೆರಳು ಮತ್ತು ಉದ್ದ ಉಗುರುಗಳ ಗುರುತು ಕಾಣಬಹುದು. ಹೆಜ್ಜೆಯ ಜಾಡು ಗೂಡಿನ ಯಾವ ಮೂಲೆಗೆ ಬಂದಿದೆಯೋ ಆ ಮೂಲೆಯನ್ನು ಮೊದಲು ಭದ್ರಪಡಿಸತಕ್ಕದ್ದು.

ವಿಶೇಷ ಸೂಚನೆ: ಮೈಮೇಲೆ ಯಾವುದೇ ಗಾಯವಿಲ್ಲದೆ ಹಲವು ಕೋಳಿಗಳು ಒಟ್ಟಿಗೆ ಸತ್ತಿದ್ದರೆ ಅದು ಪ್ರಾಣಿಯ ದಾಳಿಯಾಗಿರುವುದಿಲ್ಲ. ಕೊಕ್ಕರೆ ರೋಗ ಅಥವಾ ಹಕ್ಕಿಜ್ವರ ಇರುವ ಸಾಧ್ಯತೆಯಿದೆ. ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಮುಟ್ಟದೆ, ಮಾರಾಟ ಮಾಡದೆ, ಕೂಡಲೇ ಸಮೀಪದ ಪಶುವೈದ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು.

3. ರಾತ್ರಿ ಗೂಡಿನ ನಿರ್ಮಾಣ

10 ದೊಡ್ಡ ಕೋಳಿಗಳಿಗೆ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಗೂಡು ಸಾಕಾಗುತ್ತದೆ. ಗೂಡನ್ನು ಮರ, ಬಿದಿರು, ಇಟ್ಟಿಗೆ, ಕಲ್ಲುಚಪ್ಪಡಿ ಮುಂತಾಗಿ ಸ್ಥಳೀಯವಾಗಿ ದೊರೆಯುವ ಸಾಮಗ್ರಿಯಿಂದ ನಿರ್ಮಿಸಬಹುದು. ಆದರೆ ಕೆಳಕಂಡ ಅಂಶಗಳನ್ನು ಕಡ್ಡಾಯವಾಗಿ ಪಾಲಿಸುವುದು ಸೂಕ್ತ.

ಅ) ನೆಲಮಟ್ಟದಿಂದ ಎತ್ತರ: ಗೂಡನ್ನು ಕನಿಷ್ಠ 2 ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸುವುದು. ಪ್ರತಿ ಕಾಲಿಗೂ ಒಂದೂವರೆ ಅಡಿ ಉದ್ದಕ್ಕೆ ನಯವಾದ ತಗಡನ್ನು ಸುತ್ತಿದರೆ ಇಲಿಗಳು ಹತ್ತಲಾರವು. ಹಾವುಗಳಿಗೂ ಹತ್ತುವುದು ಕಷ್ಟವಾಗುತ್ತದೆ.

ಆ) ಜಾಲರಿ: ಮಾರುಕಟ್ಟೆಯಲ್ಲಿ ದೊರೆಯುವ ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿಯು ಕೋಳಿಗಳನ್ನು ಒಳಗಿಡಲು ಮಾತ್ರ ಉಪಯುಕ್ತ, ಪ್ರಾಣಿಗಳನ್ನು ಹೊರಗಿಡಲು ಅಲ್ಲ. ನಾಯಿ ಅದನ್ನು ಹರಿಯಬಲ್ಲದು, ಇಲಿ ಅದರ ಕಣ್ಣಿನಲ್ಲಿ ತೂರಬಲ್ಲದು, ಬೆಕ್ಕು ಪಂಜನ್ನು ಒಳತೂರಿಸಿ ಕೋಳಿಯನ್ನು ಎಳೆಯಬಲ್ಲದು. ಆದ್ದರಿಂದ ಅರ್ಧ ಅಂಗುಲ (12 ಮಿ.ಮೀ.) ಕಣ್ಣಿನ, ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿಯನ್ನು ಬಳಸುವುದು. ಇಡೀ ಗೂಡಿಗೆ ಇದನ್ನು ಹಾಕಿಸುವ ಶಕ್ತಿಯಿಲ್ಲದವರು ಕೆಳಗಿನ ಎರಡು ಅಡಿ ಎತ್ತರಕ್ಕೆ ಹಲಗೆ, ತಗಡು ಅಥವಾ ಇಟ್ಟಿಗೆ ಬಳಸಿ, ಗಾಳಿಯಾಡುವ ಮೇಲ್ಭಾಗಕ್ಕೆ ಮಾತ್ರ ಜಾಲರಿ ಹಾಕಬಹುದು.

ಇ) ತಳ: ಬಿದಿರಿನ ದಬ್ಬೆಗಳ ತಳವಿದ್ದರೆ ಸಂದಿಗಳಿಂದ ಕೋಳಿಯ ಕಾಲನ್ನು ಪ್ರಾಣಿಗಳು ಕಚ್ಚುವ ಸಂಭವವಿದೆ. ದಬ್ಬೆಗಳ ಅಡಿಗೆ ಜಾಲರಿ ಬಡಿಯುವುದು. ಗೂಡು ನೆಲದ ಮೇಲೆಯೇ ಇದ್ದಲ್ಲಿ ತಳಕ್ಕೆ ಕಲ್ಲುಚಪ್ಪಡಿ ಹಾಸುವುದು ಅಥವಾ ಸಿಮೆಂಟ್ ಹಾಕುವುದು. ಇದು ಸಾಧ್ಯವಿಲ್ಲದಿದ್ದರೆ ಸುತ್ತಲೂ 1 ಅಡಿ ಆಳಕ್ಕೆ ಜಾಲರಿಯನ್ನು ಹೂತು, ಅದರ ಕೆಳಅಂಚನ್ನು ಹೊರಮುಖವಾಗಿ ಇನ್ನೊಂದು ಅಡಿ ಮಡಚಿ ಮಣ್ಣು ಮುಚ್ಚುವುದು. ಗೋಡೆಯ ಬುಡದಲ್ಲಿ ಕೆರೆಯಲು ಆರಂಭಿಸುವ ಪ್ರಾಣಿಗೆ ಈ ಮಡಚಿದ ಜಾಲರಿ ಅಡ್ಡಬರುತ್ತದೆ.

ಈ) ಬಾಗಿಲು: ಬಾಗಿಲನ್ನು ಹಗ್ಗದಿಂದ ಕಟ್ಟುವುದು ಅಥವಾ ಕಲ್ಲು ಒರಗಿಸುವುದು ಸುರಕ್ಷಿತವಲ್ಲ. ಕಬ್ಬಿಣದ ಚಿಲಕ ಹಾಕಿಸಿ, ಅದು ತಾನಾಗಿ ಸರಿಯದಂತೆ ಬೀಗ ಅಥವಾ ಕೊಕ್ಕೆಯನ್ನು ಸಿಕ್ಕಿಸುವುದು. ಬಾಗಿಲಿನ ಕೆಳಗೆ ಸಂದಿ ಇರಬಾರದು.

ಉ) ಮಾಡು: ಮೇಲ್ಭಾಗವನ್ನು ತೆರೆದಿಡಬಾರದು. ಸಡಿಲವಾದ ಹೆಂಚು, ಗರಿ ಅಥವಾ ಹುಲ್ಲಿನ ಮಾಡಿದ್ದಲ್ಲಿ ಅದರ ಅಡಿಗೆ ಜಾಲರಿ ಬಡಿಯುವುದು. ಗೂಡಿನ ಮೇಲೆ ಬಾಗಿರುವ ಮರದ ಕೊಂಬೆಗಳನ್ನು ಸವರುವುದು.

ಊ) ಗಾಳಿ ಮತ್ತು ಬೆಳಕು: ಭದ್ರತೆಯ ಹೆಸರಿನಲ್ಲಿ ಗೂಡನ್ನು ಸಂಪೂರ್ಣ ಮುಚ್ಚಬಾರದು. ಗಾಳಿಯಾಡದ ಗೂಡಿನಲ್ಲಿ ಹಿಕ್ಕೆಯ ಘಾಟು ಮತ್ತು ಸೆಖೆಯಿಂದ ಕೋಳಿಗಳಿಗೆ ಉಸಿರಾಟದ ತೊಂದರೆ ಉಂಟಾಗುತ್ತದೆ.

ಗೂಡು ಸಿದ್ಧವಾದ ನಂತರ ರಾತ್ರಿ ಒಳಗೆ ಬ್ಯಾಟರಿ ದೀಪವನ್ನು ಹೊತ್ತಿಸಿಟ್ಟು ಹೊರಗಿನಿಂದ ಸುತ್ತಲೂ ನೋಡುವುದು. ಜಾಲರಿಯ ಹೊರತು ಬೇರೆಲ್ಲಿ ಬೆಳಕು ತೂರಿ ಬರುತ್ತದೆಯೋ ಅಲ್ಲಿ ಸಂದಿಯಿದೆ ಎಂದು ತಿಳಿಯುವುದು. ಹೆಬ್ಬೆರಳು ತೂರುವಷ್ಟು ಸಂದಿ ಇಲಿಗೆ ಸಾಕು. ಮಗುವಿನ ಮುಷ್ಟಿ ತೂರುವಷ್ಟು ಸಂದಿ ಮುಂಗುಸಿಗೆ ಸಾಕು. ಮಳೆಗಾಲದ ಮೊದಲು ಮತ್ತು ನಂತರ ಈ ಪರೀಕ್ಷೆಯನ್ನು ಪುನಃ ಮಾಡುವುದು ಒಳ್ಳೆಯದು.

4. ಪ್ರತಿದಿನ ಅನುಸರಿಸಬೇಕಾದ ಕ್ರಮಗಳು

ಎಷ್ಟೇ ಭದ್ರವಾದ ಗೂಡಾದರೂ ಬಾಗಿಲು ಹಾಕಲು ಮರೆತ ಒಂದು ಸಂಜೆ ಸಾಕು, ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ:

• ಸೂರ್ಯೋದಯವಾಗಿ ಚೆನ್ನಾಗಿ ಬೆಳಕಾದ ಮೇಲೆಯೇ ಕೋಳಿಗಳನ್ನು ಹೊರಬಿಡುವುದು. ಕಾಡುಬೆಕ್ಕು ಮತ್ತು ನರಿಗಳು ಆ ವೇಳೆಗೆ ಹಿಂದಿರುಗಿರುತ್ತವೆ.
• ಸಂಜೆ ನಿಗದಿತ ವೇಳೆಗೆ ಗೂಡಿನೊಳಗೆ ಒಂದು ಹಿಡಿ ರಾಗಿ, ಜೋಳ ಅಥವಾ ನುಚ್ಚು ಹಾಕಿ, ಒಂದೇ ಬಗೆಯ ಕೂಗಿನಿಂದ ಕರೆಯುವುದು. ಕೆಲವೇ ದಿನಗಳಲ್ಲಿ ಕೋಳಿಗಳು ತಾವಾಗಿ ಗೂಡು ಸೇರುವ ಅಭ್ಯಾಸ ಮಾಡಿಕೊಳ್ಳುತ್ತವೆ. ಮರದ ಮೇಲೆ ಕೂರುವ ಕೋಳಿಗಳಿಗೂ ಇದರಿಂದ ರೂಢಿಯಾಗುತ್ತದೆ.
• ಬಾಗಿಲು ಹಾಕುವ ಮೊದಲು ಕೋಳಿಗಳನ್ನು ಎಣಿಸುವುದು. ಬಾಗಿಲು ಹಾಕುವ ಹೊಣೆಯನ್ನು ಮನೆಯ ಒಬ್ಬರಿಗೆ ವಹಿಸಿ, ಅವರು ಊರಿನಲ್ಲಿಲ್ಲದ ದಿನ ಯಾರು ಮಾಡಬೇಕು ಎಂಬುದನ್ನೂ ಗೊತ್ತುಮಾಡಿಕೊಳ್ಳುವುದು. ಹಬ್ಬ, ಜಾತ್ರೆ, ಮದುವೆಗೆ ತೆರಳುವ ದಿನಗಳಲ್ಲಿ ಈ ಬಗ್ಗೆ ವಿಶೇಷ ಗಮನ ಹರಿಸುವುದು.
• ಮೊಟ್ಟೆಗಳನ್ನು ದಿನಕ್ಕೆ ಎರಡು ಬಾರಿ ಸಂಗ್ರಹಿಸುವುದು.
• ಕೋಳಿ ಆಹಾರವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುವುದು. ಚೆಲ್ಲಿದ ಕಾಳನ್ನು ರಾತ್ರಿ ಉಳಿಯಲು ಬಿಡಬಾರದು. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ.
• ಗೂಡಿನ ಸುತ್ತ 10 ರಿಂದ 15 ಅಡಿ ದೂರದವರೆಗೆ ಪೊದೆ, ಲಂಟಾನ, ಸೌದೆ ರಾಶಿ, ಕಲ್ಲು ರಾಶಿ ಇಲ್ಲದಂತೆ ನೋಡಿಕೊಳ್ಳುವುದು. ಮರೆಯಿಲ್ಲದ ಬಯಲನ್ನು ದಾಟಿ ಬರಲು ಪ್ರಾಣಿಗಳು ಹಿಂಜರಿಯುತ್ತವೆ.
• ಕೋಳಿ ಕೊಯ್ದ ತ್ಯಾಜ್ಯ ಹಾಗೂ ಸತ್ತ ಕೋಳಿಗಳನ್ನು ತಿಪ್ಪೆಗೆ ಎಸೆಯದೆ ಸುಮಾರು 3 ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಒಮ್ಮೆ ರುಚಿ ಕಂಡ ನಾಯಿ, ನರಿಗಳು ಅದೇ ಜಾಗಕ್ಕೆ ಮತ್ತೆ ಬರುತ್ತವೆ.

ಗೂಡಿನ ಬಳಿ ರಾತ್ರಿಯಿಡೀ ದೀಪ ಉರಿಸುವುದು, ಬೆದರುಬೊಂಬೆ ನಿಲ್ಲಿಸುವುದು, ಹೊಳೆಯುವ ಪಟ್ಟಿಗಳನ್ನು ಕಟ್ಟುವುದು ಮುಂತಾದ ಉಪಾಯಗಳು ಕೆಲವು ದಿನ ಫಲ ಕೊಡಬಹುದು. ಅಪಾಯವಿಲ್ಲವೆಂದು ತಿಳಿದ ಕೂಡಲೇ ಪ್ರಾಣಿಗಳು ಅವುಗಳಿಗೆ ಹೊಂದಿಕೊಳ್ಳುತ್ತವೆ. ಇವನ್ನು ಭದ್ರವಾದ ಗೂಡಿಗೆ ಬದಲಿಯೆಂದು ಭಾವಿಸಬಾರದು.

5. ಕಾವು ಕೋಳಿ ಮತ್ತು ಮರಿಗಳ ರಕ್ಷಣೆ

ಕಾವಿಗೆ ಕುಳಿತ ಹೇಟೆಯು 21 ದಿನಗಳವರೆಗೆ ಮೊಟ್ಟೆಗಳನ್ನು ಬಿಟ್ಟು ಹೆಚ್ಚು ಹೊತ್ತು ಏಳುವುದಿಲ್ಲ. ಬೇಲಿಯ ಬುಡದಲ್ಲಿಯೋ ಹುಲ್ಲಿನ ಬಣವೆಯಲ್ಲಿಯೋ ಕಾವು ಕುಳಿತರೆ ತಾಯಿ ಮತ್ತು ಮೊಟ್ಟೆಗಳೆರಡೂ ನಷ್ಟವಾಗುವ ಸಂಭವ ಹೆಚ್ಚು. ಆದ್ದರಿಂದ ಕಾವು ಕೋಳಿಯನ್ನು ಮನೆಯೊಳಗೆ ಅಥವಾ ಭದ್ರವಾದ ಕೊಟ್ಟಿಗೆಯಲ್ಲಿ ಬುಟ್ಟಿಯಿಟ್ಟು ಕೂರಿಸುವುದು.

ಮರಿಗಳಿಗೆ ಮೊದಲ ಆರು ವಾರಗಳು ಅತ್ಯಂತ ಅಪಾಯದ ಅವಧಿಯಾಗಿರುತ್ತವೆ. ಮೊದಲ ಕೆಲವು ವಾರ ಮರಿಗಳನ್ನು ತಾಯಿಯೊಡನೆ ಕಾಲು ಅಂಗುಲ (6 ಮಿ.ಮೀ.) ಕಣ್ಣಿನ ಜಾಲರಿಯ ಪೆಟ್ಟಿಗೆಯಲ್ಲಿ ರಾತ್ರಿ ಇರಿಸುವುದು. ಹಗಲಿನಲ್ಲಿ ಹೊರಬಿಡುವಾಗ ಬಿದಿರಿನ ಮಂಕರಿಯ ಕೆಳಗೆ ಅಥವಾ ಮೇಲೆ ಬಲೆ ಹೊದಿಸಿದ ಸಣ್ಣ ಆವರಣದಲ್ಲಿ ಬಿಡುವುದು. ಮಂಕರಿ ಹಗುರವಾಗಿದ್ದರೆ ನಾಯಿ ಉರುಳಿಸದಂತೆ ಮೇಲೆ ಕಲ್ಲು ಹೇರುವುದು. ನೆಲಮಟ್ಟದಲ್ಲಿ ನೈಲಾನ್ ಬಲೆಯನ್ನು ಸಡಿಲವಾಗಿ ಬಿಡಬಾರದು. ಅದರಲ್ಲಿ ಹಾವುಗಳು ಸಿಕ್ಕಿಕೊಳ್ಳುತ್ತವೆ ಮತ್ತು ಬಿಡಿಸಲು ಹೋದವರಿಗೆ ಅಪಾಯವಾಗುತ್ತದೆ.

6. ತಳಿಯ ಆಯ್ಕೆ

ನಾಟಿ ಕೋಳಿಗಳು ಮೊಟ್ಟೆ ಕಡಿಮೆ ಇಟ್ಟರೂ ಹಾರುವುದರಲ್ಲಿ ಮತ್ತು ಅಪಾಯವನ್ನು ಗುರುತಿಸುವುದರಲ್ಲಿ ಚುರುಕಾಗಿರುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯು ಬೇಗ ತೂಕ ಪಡೆಯುತ್ತದೆ. ನಂತರ 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ ತಳಿಯ ತೂಕ ಗಿರಿರಾಜಕ್ಕಿಂತ ಕಡಿಮೆಯಿದ್ದು, ಕಾಡುಬೆಕ್ಕು, ನರಿ ಮುಂತಾದವುಗಳಿಂದ ತಪ್ಪಿಸಿಕೊಳ್ಳುವ ಸಾಮರ್ಥ್ಯ ಹೆಚ್ಚು. ಈ ಸುಧಾರಿತ ತಳಿಗಳ ಬಣ್ಣಬಣ್ಣದ ಪುಕ್ಕಗಳು ಹಿತ್ತಲಿನ ಪರಿಸರದಲ್ಲಿ ಬೆರೆಯುವುದರಿಂದ ಬಿಳಿ ಕೋಳಿಗಳಂತೆ ದೂರಕ್ಕೆ ಎದ್ದು ಕಾಣುವುದಿಲ್ಲ. ಕಾಡಂಚಿನ ಗ್ರಾಮಗಳ ಸಾಕಣೆದಾರರು ಹಗುರವಾದ, ಬಣ್ಣದ ತಳಿಗಳನ್ನು ಆರಿಸಿಕೊಳ್ಳುವುದು ಸೂಕ್ತ. ಹಿಂಡಿನಲ್ಲಿ ಒಂದು ಪ್ರಾಯದ ಹುಂಜ ಅಥವಾ ಒಂದೆರಡು ಗಿನಿ ಕೋಳಿಗಳಿದ್ದರೆ ಅಪಾಯ ಕಂಡಾಗ ಕೂಗಿ ಎಚ್ಚರಿಸುತ್ತವೆ. ಯಾವ ತಳಿಯಾದರೂ ರಾತ್ರಿ ಗೂಡಿನ ಅಗತ್ಯ ತಪ್ಪುವುದಿಲ್ಲ.

7. ಮಾಡಬಾರದ ಕೆಲಸಗಳು ಮತ್ತು ಕಾನೂನು

ಕೋಳಿಗಳನ್ನು ಕಳೆದುಕೊಂಡ ಸಿಟ್ಟಿನಲ್ಲಿ ವಿಷ ಇಡುವುದು, ಉರುಳು ಹಾಕುವುದು, ಬೇಲಿಗೆ ವಿದ್ಯುತ್ ಹರಿಸುವುದು ಕೆಲವೆಡೆ ಕಂಡುಬರುತ್ತದೆ. ಇವು ಅಪರಾಧಗಳಷ್ಟೇ ಅಲ್ಲದೆ ಮಾಡಿದವರ ಕುಟುಂಬಕ್ಕೇ ಅಪಾಯಕಾರಿಯಾಗಿವೆ.

• ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಕೇರೆ ಹಾವು ಹಾಗೂ ನಾಗರಹಾವುಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರಡಿ ರಕ್ಷಣೆ ಪಡೆದಿವೆ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ವಿಷವಿಡುವುದು, ಉರುಳು ಹಾಕುವುದು, ಬೋನಿಗೆ ಕೆಡವುವುದು ಹಾಗೂ ಇದಕ್ಕೆ ಪ್ರಯತ್ನಿಸುವುದೂ ಸೇರಿರುತ್ತದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮೊದಲನೆಯ ಅನುಸೂಚಿಯ ಪ್ರಾಣಿಗಳ ಸಂಬಂಧದಲ್ಲಿ ಶಿಕ್ಷೆ ಇನ್ನೂ ಹೆಚ್ಚು.
• ಬೀದಿನಾಯಿಗಳಿಗೆ ವಿಷ ಹಾಕುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ಹಾಗೂ ಭಾರತೀಯ ನ್ಯಾಯ ಸಂಹಿತೆ, 2023ರಡಿ ಅಪರಾಧ. ನಾಯಿಗಳ ಹಾವಳಿಯಿದ್ದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗಾಗಿ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ಮನವಿ ಸಲ್ಲಿಸುವುದು.
• ವಿಷ ಬೆರೆಸಿದ ಮಾಂಸವನ್ನು ಉದ್ದೇಶಿಸಿದ ಪ್ರಾಣಿಯೇ ತಿನ್ನುತ್ತದೆಯೆಂಬ ಖಾತ್ರಿಯಿಲ್ಲ. ಮನೆಯ ನಾಯಿ, ಬೆಕ್ಕು, ಕೋಳಿಗಳು ತಿನ್ನಬಹುದು. ಮಕ್ಕಳ ಕೈಗೂ ಸಿಗಬಹುದು.
• ಸಣ್ಣ ಪ್ರಾಣಿಗೆಂದು ಹಾಕಿದ ಉರುಳಿಗೆ ಚಿರತೆ ಸಿಕ್ಕಿಬಿದ್ದು ಜನರ ಮೇಲೆ ಎರಗುವ ಅಪಾಯವಿರುತ್ತದೆ.
• ಮನೆಯ ವಿದ್ಯುತ್ ಸಂಪರ್ಕದಿಂದ ಬೇಲಿಗೆ ನೇರವಾಗಿ ತಂತಿ ಎಳೆಯುವುದು ಪ್ರಾಣಾಪಾಯಕಾರಿ. ಕತ್ತಲಲ್ಲಿ ಅದನ್ನು ಮೊದಲು ಮುಟ್ಟುವವರು ಮನೆಯವರೇ ಆಗಿರಬಹುದು.

ಮುಂಗುಸಿ, ನರಿ, ಕಾಡುಬೆಕ್ಕುಗಳು ಇಲಿ ಹೆಗ್ಗಣಗಳನ್ನು ತಿಂದು ಬೆಳೆಯನ್ನು ರಕ್ಷಿಸುವ ಪ್ರಾಣಿಗಳೂ ಆಗಿವೆ ಎಂಬುದನ್ನು ಗಮನಿಸತಕ್ಕದ್ದು. ಒಂದನ್ನು ಕೊಂದ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ಸಂದಿ ಮಾತ್ರ ಹಾಗೆಯೇ ಉಳಿದಿರುತ್ತದೆ.

8. ದಾಳಿ ನಡೆದ ನಂತರ

• ಕೋಳಿ ಹಿಡಿದ ಪ್ರಾಣಿಯನ್ನು ಗೂಡಿನೊಳಗೆ ಕಂಡಾಗ ಕೈಹಾಕಿ ಹಿಡಿಯಲು ಹೋಗಬಾರದು. ಬಾಗಿಲು ತೆರೆದು, ದೂರ ನಿಂತು, ಶಬ್ದ ಮಾಡಿ ಹೊರಹೋಗಲು ಬಿಡುವುದು.
• ನಾಯಿ, ಬೆಕ್ಕು, ಮುಂಗುಸಿ, ನರಿ ಇವುಗಳ ಕಡಿತ ಅಥವಾ ಪರಚಿನಿಂದ ರೇಬೀಸ್ (ಹುಚ್ಚುನಾಯಿ ರೋಗ) ಬರಬಹುದು. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಅರಿಸಿನ, ಸುಣ್ಣ, ಖಾರದಪುಡಿ, ಎಣ್ಣೆ ಹಚ್ಚಬಾರದು. ಅಂದೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಸ್ಪತ್ರೆಗೆ ತೆರಳಿ ಲಸಿಕೆ ಆರಂಭಿಸುವುದು. ವೈದ್ಯರು ತಿಳಿಸಿದ ಎಲ್ಲ ದಿನಗಳಂದು ತಪ್ಪದೆ ಪಡೆಯುವುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಬಹುತೇಕ ಅಸಾಧ್ಯ.
• ಹಾವು ಕಂಡಲ್ಲಿ ಕೊಲ್ಲಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸುವುದು. ಹಾವು ಕಚ್ಚಿದರೆ ನಾಟಿ ಚಿಕಿತ್ಸೆಯಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯುವುದು.
• ಗಾಯಗೊಂಡ ಕೋಳಿಯನ್ನು ಹಿಂಡಿನಿಂದ ಬೇರ್ಪಡಿಸುವುದು; ಇತರ ಕೋಳಿಗಳು ಗಾಯವನ್ನು ಕುಕ್ಕುತ್ತವೆ. ಚಿಕಿತ್ಸೆಗಾಗಿ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು.
• ಪ್ರಾಣಿ ನುಗ್ಗಿದ ದಾರಿಯನ್ನು ಅಂದು ಸಂಜೆಯೊಳಗೆ ಮುಚ್ಚುವುದು. ಅದು ಮರುರಾತ್ರಿಯೇ ಹಿಂದಿರುಗುವ ಸಂಭವವಿದೆ. ಸಂಜೆಯೊಳಗೆ ಆಗದಿದ್ದರೆ ಉಳಿದ ಕೋಳಿಗಳನ್ನು ಮನೆಯೊಳಗೆ ಇರಿಸುವುದು.
• ಚಿರತೆಯ ಹೆಜ್ಜೆಗುರುತು ಕಂಡುಬಂದಲ್ಲಿ ಗುರುತನ್ನು ಅಳಿಸದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು ಹಾಗೂ ಮಕ್ಕಳನ್ನು ಕತ್ತಲಲ್ಲಿ ಹೊರಗೆ ಬಿಡದಿರುವುದು.

9. ಕೋಳಿ ಮರಿಗಳಿಗಾಗಿ ಅರ್ಜಿ ಸಲ್ಲಿಸುವವರ ಗಮನಕ್ಕೆ

ಹಿತ್ತಲ ಕೋಳಿ ಸಾಕಣೆಗೆ ಸಂಬಂಧಿಸಿದ ಯೋಜನೆಗಳು, ಅರ್ಹತೆ ಹಾಗೂ ಫಲಾನುಭವಿಗಳ ಆಯ್ಕೆಯ ವಿಧಾನವು ಆಯಾ ಆರ್ಥಿಕ ವರ್ಷದ ಅನುದಾನ ಹಾಗೂ ಮಾರ್ಗಸೂಚಿಗಳಿಗೆ ಒಳಪಟ್ಟಿರುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಸಮೀಪದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಅಥವಾ ತಾಲ್ಲೂಕು ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ಜಾರಿಯಲ್ಲಿರುವ ಯೋಜನೆ ಮತ್ತು ಸಲ್ಲಿಸಬೇಕಾದ ದಾಖಲೆಗಳ ವಿವರವನ್ನು ಪಡೆಯುವುದು.

ಅರ್ಜಿದಾರರು ಮರಿಗಳು ಮನೆಗೆ ಬರುವ ಮೊದಲೇ ಕೆಳಕಂಡ ಸಿದ್ಧತೆಗಳನ್ನು ಪೂರ್ಣಗೊಳಿಸಿಕೊಳ್ಳಬೇಕು:

1) ರಾತ್ರಿ ಗೂಡು ಸಿದ್ಧವಾಗಿದ್ದು, ದೀಪದ ಪರೀಕ್ಷೆ ಮಾಡಿರುವುದು.
2) ಬಾಗಿಲಿಗೆ ಚಿಲಕ ಮತ್ತು ಬೀಗ ಅಥವಾ ಕೊಕ್ಕೆ ಇರುವುದು.
3) ಗೂಡಿನ ಸುತ್ತಲಿನ ಪೊದೆಗಳನ್ನು ತೆರವುಗೊಳಿಸಿರುವುದು.
4) ಸಂಜೆ ಬಾಗಿಲು ಹಾಕುವ ಹೊಣೆ ಯಾರದೆಂಬುದು ಮನೆಯಲ್ಲಿ ನಿರ್ಧಾರವಾಗಿರುವುದು.
5) ಕೊಕ್ಕರೆ ರೋಗದ ಲಸಿಕೆಯ ದಿನಾಂಕಗಳನ್ನು ಪಶುವೈದ್ಯರಿಂದ ಬರೆಸಿಕೊಂಡಿರುವುದು.

ಮರಿಗಳನ್ನು ತಂದ ಮೊದಲ ವಾರ ಅವುಗಳನ್ನು ಹೊರಬಿಡದೆ ಗೂಡಿನಲ್ಲಿಯೇ ಆಹಾರ, ನೀರು ಕೊಟ್ಟು ಇರಿಸುವುದು. ಇದರಿಂದ ಅವು ಗೂಡನ್ನು ತಮ್ಮ ನೆಲೆಯೆಂದು ಗುರುತಿಸಿ, ಮುಂದೆ ಸಂಜೆ ತಪ್ಪದೆ ಹಿಂದಿರುಗುತ್ತವೆ.

ಹೆಚ್ಚಿನ ಮಾಹಿತಿ ಮತ್ತು ತಾಂತ್ರಿಕ ಸಲಹೆಗಾಗಿ ಸಮೀಪದ ಪಶುವೈದ್ಯಕೀಯ ಸಂಸ್ಥೆಯ ಪಶುವೈದ್ಯಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಪಶುವೈದ್ಯಕೀಯ ಸಹಾಯವಾಣಿ: 1962. ತುರ್ತು ಸಂದರ್ಭದಲ್ಲಿ: 112.